ಪೇಷಂಟ್ ಕಡೆಯವರು ಯಾರು?

ಆಪರೇಷನ್ ಥಿಯೇಟರಿನ ಬಾಗಿಲು ಅರ್ಧ ತೆರೆಯುತ್ತದೆ. ಹಸಿರು ಗೌನು ಹಾಕಿದವರೊಬ್ಬರು ತಲೆ ಹೊರಗೆ ಹಾಕುತ್ತಾರೆ. ಮಾಸ್ಕು ಗಲ್ಲಕ್ಕೆ ಜಾರಿದೆ, ಕೈಯಲ್ಲಿ ಒಂದು ಕಾಗದ. "ಪೇಷಂಟ್ ಕಡೆಯವರು ಯಾರಿದ್ದೀರಿ?" ಬೆಂಚಿನ ಮೇಲೆ ಕೂತಿದ್ದ ಐದಾರು ಜನ ಒಟ್ಟಿಗೆ ಎದ್ದು ನಿಲ್ಲುತ್ತಾರೆ. ಯಾರ ಕಡೆಯವರು ಅಂತ ಗೊತ್ತಾಗುವ ಮೊದಲೇ ಎಲ್ಲರ ಮುಖವೂ ಬಿಳಿಚಿಕೊಂಡಿರುತ್ತದೆ.

ಥಿಯೇಟರ್ ನರ್ಸಾಗಿ ನಾನು ಹಾಗೆ ಕೂಗಿದ್ದು ಎಷ್ಟು ಸಲವೋ ಲೆಕ್ಕವಿಲ್ಲ. ರಕ್ತ ಬೇಕು ಅಂತ ಕೂಗಿದ್ದೇನೆ. ಈ ಚೀಟಿ ತಗೊಂಡು ಮೆಡಿಕಲ್ಸಿಗೆ ಓಡಿ ಅಂದಿದ್ದೇನೆ. ಹೆರಿಗೆ ಆಯ್ತು, ಇಬ್ಬರೂ ಚೆನ್ನಾಗಿದ್ದಾರೆ ಅಂತ ಹೇಳಿ ಅವರ ಜೊತೆ ನಾನೂ ನಕ್ಕಿದ್ದೇನೆ. ಕೆಲವು ಸಲ "ಇಲ್ಲೊಂದು ಸಹಿ ಹಾಕಿ" ಅಂತಲೂ ಹೇಳಿದ್ದೇನೆ. ಇಲ್ಲಿ ಬರೆಯುತ್ತಿರುವುದು ಆ ಸಹಿಯ ಬಗ್ಗೆ. ಅಂಥದ್ದೇ ಒಂದು ಬಾಗಿಲಲ್ಲಿ 1995ರಲ್ಲಿ ಪಡೆದ ಒಪ್ಪಿಗೆ ದೇಶದ ಸುಪ್ರೀಂ ಕೋರ್ಟಿನ ತನಕ ಹೋಯಿತು. ಕಾನೂನು ಓದುವವರು ಅದನ್ನು ಸಮೀರಾ ಕೊಹ್ಲಿ ಪ್ರಕರಣ ಅನ್ನುತ್ತಾರೆ. ವಾರ್ಡುಗಳಲ್ಲಿ ಕೆಲಸ ಮಾಡುವ ನಮ್ಮಲ್ಲಿ ಅದರ ಹೆಸರು ಕೇಳಿದವರು ಕಡಿಮೆ. ಆದರೆ ನಾವು ದಿನಾ ತುಂಬಿಸುವ ಒಪ್ಪಿಗೆ ಪತ್ರದ ಬೆನ್ನಿಗೆ ಆ ತೀರ್ಪು ನಿಂತಿದೆ.

ನಡೆದದ್ದು ದೆಹಲಿಯಲ್ಲಿ. 1995ರ ಮೇ 9ರಂದು ಸಮೀರಾ ಕೊಹ್ಲಿ ಅನ್ನುವ 44 ವರ್ಷದ ಒಬ್ಬ ಮಹಿಳೆ ಸ್ತ್ರೀರೋಗ ತಜ್ಞೆಯೊಬ್ಬರ ಕ್ಲಿನಿಕ್ಕಿಗೆ ಬಂದರು. ಮದುವೆಯಾಗಿರಲಿಲ್ಲ. ಮುಟ್ಟಿನ ರಕ್ತಸ್ರಾವ ಒಂಬತ್ತು ದಿನವಾದರೂ ನಿಂತಿರಲಿಲ್ಲ. ಡಾಕ್ಟರು ಪರೀಕ್ಷೆ ಮಾಡಿ ಅವತ್ತೇ ಸ್ಕ್ಯಾನ್ ಮಾಡಿಸಿದರು. ರಿಪೋರ್ಟ್ ನೋಡಿ, ಕಾಯಿಲೆ ಏನು ಅಂತ ಖಚಿತವಾಗಬೇಕಾದರೆ ಲ್ಯಾಪರೊಸ್ಕೊಪಿ ಮಾಡಬೇಕು, ನಾಳೆ ಬನ್ನಿ ಅಂದರು. ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇರುವ ಕೊಳವೆ ಒಳಗೆ ಬಿಟ್ಟು ನೋಡುವುದು. ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡುವಂಥದ್ದು.

ಮಾರನೇ ದಿನ ಅವರು ತಾಯಿಯನ್ನು ಕರೆದುಕೊಂಡು ಬಂದರು. ಮೂರು ಕಾಗದಗಳಿಗೆ ಸಹಿ ಹಾಕಿದರು. ಒಂದು ಅಡ್ಮಿಷನ್ ಕಾರ್ಡು, ಇನ್ನೊಂದು ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆಯಲು ಒಪ್ಪಿಗೆ, ಮೂರನೆಯದು ಆಪರೇಷನ್ನಿಗೆ ಒಪ್ಪಿಗೆ. ಆ ಮೂರನೆಯದನ್ನು ತುಂಬಿದ್ದು ಸಹಾಯಕ ಡಾಕ್ಟರು. ಏನು ಮಾಡುತ್ತೇವೆ ಅನ್ನುವ ಜಾಗದಲ್ಲಿ ಇದ್ದದ್ದು ಇಷ್ಟೇ: ರೋಗ ಪತ್ತೆಗೂ ಚಿಕಿತ್ಸೆಗೂ ಲ್ಯಾಪರೊಸ್ಕೊಪಿ, ಲ್ಯಾಪರೊಟಮಿ ಬೇಕಾಗಬಹುದು. ಲ್ಯಾಪರೊಟಮಿ ಅಂದರೆ ಹೊಟ್ಟೆ ಕೊಯ್ದು ತೆರೆಯುವುದು. ಗರ್ಭಕೋಶ ಅನ್ನುವ ಮಾತು ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ.

ಅವರಿಗೆ ಅರಿವಳಿಕೆ ಕೊಟ್ಟರು. ಕ್ಯಾಮೆರಾ ಒಳಗೆ ಹೋಯಿತು. ಡಾಕ್ಟರಿಗೆ ಕಂಡದ್ದು ಎಂಡೊಮೆಟ್ರಿಯೋಸಿಸ್, ಅದೂ ತುಂಬಾ ಮುಂದುವರಿದದ್ದು. ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಮೇಲೆ, ಎಲ್ಲಿ ಬೇಕಾದರೂ ಬೆಳೆಯುವ ಕಾಯಿಲೆ ಅದು. ತಿಂಗಳು ತಿಂಗಳು ಅಲ್ಲೂ ರಕ್ತ ಒಸರುತ್ತದೆ, ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸುಮ್ನೆ ಹೊಟ್ಟೆನೋವು ಅಂತ ಹೇಳಿ ಮುಗಿಸುವ ನೋವಲ್ಲ. ಆ ನೋವಿಗೆ ಮಂಚದ ಸರಳು ಹಿಡಿದು ಬೆವರುವವರನ್ನು ನಾನು ನೋಡಿದ್ದೇನೆ.

ದೆಹಲಿಯ ಆ ಮಹಿಳೆಗೆ ಇನ್ನೂ ಪ್ರಜ್ಞೆ ಇಲ್ಲ. ಸಹಾಯಕ ಡಾಕ್ಟರು ಥಿಯೇಟರಿನಿಂದ ಹೊರಗೆ ಬಂದರು. ಅಲ್ಲಿ ಕಾಯುತ್ತಿದ್ದ ತಾಯಿಗೆ ವಿಷಯ ಹೇಳಿ, ಗರ್ಭಕೋಶ ತೆಗೆಯಲು ಒಪ್ಪಿಗೆ ಪಡೆದು ಒಳಗೆ ಹೋದರು. ಹೊಟ್ಟೆ ಕೊಯ್ದು ಗರ್ಭಕೋಶ, ಎರಡೂ ಅಂಡಾಶಯ, ಎರಡೂ ಅಂಡನಾಳಗಳನ್ನು ತೆಗೆದರು.

ಆ ತಾಯಿಯ ಜಾಗದಲ್ಲಿ ನಿಂತು ಒಂದು ನಿಮಿಷ ಯೋಚಿಸಿ. ಮಗಳು ಒಳಗೆ ಪ್ರಜ್ಞೆ ತಪ್ಪಿ ಮಲಗಿದ್ದಾಳೆ. ಡಾಕ್ಟರು ಓಡಿ ಬಂದು ತೊಂದರೆ ಜಾಸ್ತಿ ಇದೆ, ತೆಗೆಯಬೇಕು ಅನ್ನುತ್ತಾರೆ. ಬೇಡ ಅನ್ನುವ ಧೈರ್ಯ ಯಾವ ತಾಯಿಗೆ ಬರುತ್ತದೆ? ಅದರ ಅರ್ಥವೇನು, ಬೇರೆ ದಾರಿ ಇದೆಯಾ, ನಾಳೆ ಮಾಡಿದರೆ ಆಗುವುದಿಲ್ಲವಾ ಅಂತ ಕೇಳುವಷ್ಟು ಸಮಾಧಾನ ಆ ಬಾಗಿಲಲ್ಲಿ ಯಾರಿಗೂ ಇರುವುದಿಲ್ಲ. ನಾನು ಆ ಬಾಗಿಲಲ್ಲಿ ನಿಂತಾಗೆಲ್ಲ ಎದುರಿಗೆ ಕಂಡದ್ದು ಒಂದೇ ತರದ ಮುಖ. ಬೇಗ ಒಳಗೆ ಹೋಗಿ, ಏನು ಬೇಕೋ ಮಾಡಿ, ಜೀವ ಉಳಿಸಿ ಅನ್ನುವ ಮುಖ. ಸಹಿ ಹಾಕದಿದ್ದರೆ ಒಳಗಿರುವವರಿಗೆ ಏನೋ ಆಗಿಬಿಡುತ್ತದೆ ಅನ್ನುವ ಭಯದಲ್ಲಿ ಹೇಳುವ ಹೂಂ ಅದು.

ತೆಗೆದದ್ದರ ತೂಕವನ್ನೂ ಹೇಳಬೇಕು. ಗರ್ಭಕೋಶ ಹೋದರೆ ಮುಟ್ಟು ನಿಲ್ಲುತ್ತದೆ, ಮಗು ಹೆರುವ ದಾರಿ ಮುಚ್ಚುತ್ತದೆ. ಎರಡೂ ಅಂಡಾಶಯ ಹೋದರೆ ದೇಹಕ್ಕೆ ಹಾರ್ಮೋನು ಕೊಡುವ ಮೂಲವೇ ಒಂದೇ ದಿನದಲ್ಲಿ ನಿಂತುಹೋಗುತ್ತದೆ. ತಾನಾಗಿ ಮುಟ್ಟು ನಿಲ್ಲುವಾಗ ದೇಹಕ್ಕೆ ಹೊಂದಿಕೊಳ್ಳಲು ವರ್ಷಗಳು ಸಿಗುತ್ತವೆ. ಇಲ್ಲಿ ಒಂದು ರಾತ್ರಿಯೂ ಸಿಗುವುದಿಲ್ಲ. ಮೈಯೆಲ್ಲ ಬಿಸಿಯೇರುವುದು, ನಿದ್ದೆ ಬಾರದಿರುವುದು, ಮೂಳೆ ಸವೆಯುವುದು ಎಲ್ಲ ಬೇಗ ಶುರುವಾಗುತ್ತವೆ. ಕಾಯಿಲೆಯೇ ಅಷ್ಟು ಜೋರಾಗಿರುವವರಿಗೆ ಇದು ಸರಿಯಾದ ಚಿಕಿತ್ಸೆಯೇ ಇರಬಹುದು. ಆದರೆ ಎದ್ದು ನೋಡಿದಾಗ ತಿಳಿಯುವಂಥ ಸಂಗತಿಯಲ್ಲ ಇದು, ಅಲ್ವಾ?

ಮುಂದೆ ನಡೆದದ್ದನ್ನು ಬೇಗ ಹೇಳಿಬಿಡುತ್ತೇನೆ. ಮೇ 15ರಂದು ಅವರು ಬಿಲ್ಲು ಕಟ್ಟದೆ ಕ್ಲಿನಿಕ್ ಬಿಟ್ಟು ಹೊರಟರು. ಡಾಕ್ಟರು ಪೊಲೀಸರಿಗೆ ದೂರು ಕೊಟ್ಟರು, ಆಮೇಲೆ ರೋಗಿಯೂ ಕೊಟ್ಟರು. ಡಾಕ್ಟರು 39,325 ರೂಪಾಯಿ ಬಾಕಿ ಕೇಳಿ ನೋಟಿಸ್ ಕಳಿಸಿದರು. ಅದೇ ವರ್ಷ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಬೇರೆ ಒಂದು ಪ್ರಕರಣದಲ್ಲಿ, ದುಡ್ಡು ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕರ ಕಾಯ್ದೆಯ ಒಳಗೆ ಬರುತ್ತದೆ ಅಂತ ಹೇಳಿತ್ತು. 1996ರ ಜನವರಿಯಲ್ಲಿ ಈ ಮಹಿಳೆ 25 ಲಕ್ಷ ರೂಪಾಯಿ ಪರಿಹಾರ ಕೇಳಿ ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಹೋದರು. ಆಯೋಗ 2003ರ ನವೆಂಬರಿನಲ್ಲಿ ದೂರನ್ನು ವಜಾ ಮಾಡಿತು. ಆಪರೇಷನ್ನನ್ನು ಜಾಗ್ರತೆಯಿಂದಲೇ ಮಾಡಿದ್ದಾರೆ ಅನ್ನುವುದು ಅಲ್ಲಿನ ಮುಖ್ಯ ಮಾತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 2008ರ ಜನವರಿ 16ರಂದು ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಅದನ್ನು ಬರೆದವರು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಮೊದಲು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು.

ಆ ತೀರ್ಪಿನಲ್ಲಿ ನನಗೆ ತುಂಬಾ ಹಿಡಿಸಿದ್ದು, ಅದು ಒಪ್ಪಿಗೆ ಪತ್ರವನ್ನು ಪದ ಪದವಾಗಿ ಓದಿದ ರೀತಿ. ನಾವು ಯಾರೂ ಹಾಗೆ ಓದುವುದಿಲ್ಲ. ಹಿಂದಿನ ದಿನವೇ ಗರ್ಭಕೋಶದ ಬಗ್ಗೆ ರೋಗಿಗೆ ಹೇಳಿದ್ದೆ ಅನ್ನುವುದು ಡಾಕ್ಟರ ವಾದ. ಹಾಗೆ ಹೇಳಿ ಒಪ್ಪಿಸಿದ್ದರೆ ಅದು ಕಾಗದದಲ್ಲಿ ಇರಬೇಕಿತ್ತು, ಇಲ್ಲ. ರೋಗಿ ಮೊದಲೇ ಒಪ್ಪಿದ್ದರೆ ಆಪರೇಷನ್ ಮಧ್ಯದಲ್ಲಿ ಎದ್ದು ಹೊರಗೆ ಬಂದು ತಾಯಿಯನ್ನು ಕೇಳುವ ಅಗತ್ಯವಾದರೂ ಏನಿತ್ತು? ಲ್ಯಾಪರೊಟಮಿ ಬೇಕಾಗಬಹುದು ಅಂತ ಬರೆದಿದೆಯಲ್ಲ ಅನ್ನುವ ವಾದವೂ ನಿಲ್ಲಲಿಲ್ಲ. ಹೊಟ್ಟೆ ತೆರೆಯಲು ಒಪ್ಪಿದ್ದಾರೆ ಅಂದರೆ ಒಳಗಿನ ಅಂಗ ತೆಗೆಯಲು ಒಪ್ಪಿದ್ದಾರೆ ಅಂತಾಗುವುದಿಲ್ಲ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಸಾಲದು, ಒಂದು ಚಿಕಿತ್ಸೆಗೆ ಕೊಟ್ಟದ್ದು ಇನ್ನೊಂದಕ್ಕೆ ಸಾಲದು ಅಂತ ಕೋರ್ಟು ನೇರವಾಗಿ ಹೇಳಿತು.

ಇನ್ನು ತಾಯಿಯ ಒಪ್ಪಿಗೆ. ರೋಗಿ ಚಿಕ್ಕ ಹುಡುಗಿಯಲ್ಲ, ಬುದ್ಧಿ ಸ್ಥಿಮಿತ ಇಲ್ಲದವರಲ್ಲ. 44 ವರ್ಷದ, ತನ್ನ ಬದುಕು ತಾನು ನಡೆಸುತ್ತಿದ್ದ ಹೆಂಗಸು. ಪ್ರಜ್ಞೆ ಇರಲಿಲ್ಲ, ನಿಜ. ಆದರೆ ಅದು ಆಸ್ಪತ್ರೆಯವರೇ ಕೊಟ್ಟ ಅರಿವಳಿಕೆಯಿಂದ, ಕೆಲವೇ ಗಂಟೆಗಳ ಮಟ್ಟಿಗೆ. ಎಚ್ಚರವಾದ ಮೇಲೆ ಕೇಳಬಹುದಿತ್ತು. ಹಾಗಿರುವಾಗ ತಾಯಿಯಾಗಲಿ ಬೇರೆ ಯಾರೇ ಆಗಲಿ ಅವರ ಪರವಾಗಿ ಒಪ್ಪುವ ಪ್ರಶ್ನೆಯೇ ಬರುವುದಿಲ್ಲ.

ತುರ್ತು ಇದ್ದರೆ ಮಾತು ಬೇರೆ. ಅದನ್ನು ಕೋರ್ಟೂ ಒಪ್ಪುತ್ತದೆ. ಜೀವ ಉಳಿಸಲು ಅಥವಾ ಆರೋಗ್ಯ ಕಾಪಾಡಲು ಬೇಕೇಬೇಕು, ಎಚ್ಚರವಾಗುವ ತನಕ ಕಾಯುವುದು ಸರಿಯಲ್ಲ ಅನ್ನುವ ಪರಿಸ್ಥಿತಿ ಇದ್ದರೆ ಡಾಕ್ಟರು ಕೇಳದೆಯೂ ಮಾಡಬಹುದು. ಇದನ್ನು ಬಿಡಿಸಿ ಹೇಳಲು ಕೆನಡಾದ ಎರಡು ಹಳೇ ಪ್ರಕರಣಗಳು ಚೆನ್ನಾಗಿ ಒದಗುತ್ತವೆ. 1933ರ ಒಂದರಲ್ಲಿ ಹರ್ನಿಯಾ ಆಪರೇಷನ್ ಮಾಡುವಾಗ ಡಾಕ್ಟರಿಗೆ ಕೆಟ್ಟುಹೋದ ವೃಷಣ ಕಂಡಿತು. ಬಿಟ್ಟರೆ ಜೀವಕ್ಕೇ ಅಪಾಯ ಅನ್ನಿಸಿ ತೆಗೆದರು. ರೋಗಿ ಕೋರ್ಟಿಗೆ ಹೋದರು, ಡಾಕ್ಟರು ಮಾಡಿದ್ದು ಸರಿ ಅಂತ ಆಯಿತು. 1949ರ ಇನ್ನೊಂದರಲ್ಲಿ ಸಿಸೇರಿಯನ್ ಮಾಡುವಾಗ ಗರ್ಭಕೋಶದ ಗೋಡೆಯಲ್ಲಿ ಗಡ್ಡೆಗಳು ಕಂಡವು. ಮುಂದಿನ ಬಸಿರು ಅಪಾಯವಾದೀತು ಅಂತ ಡಾಕ್ಟರು ನಾಳಗಳನ್ನು ಕಟ್ಟಿಬಿಟ್ಟರು. ಇಲ್ಲಿ ಡಾಕ್ಟರದ್ದು ತಪ್ಪು ಅಂತಾಯಿತು. ಮುಂದಿನ ಬಸಿರಿನ ಅಪಾಯ ಮುಂದಿನದು. ಆ ಹೊತ್ತಿಗೆ ನಾಳ ಕಟ್ಟುವುದು ಅನುಕೂಲವಾಗಿತ್ತು ಅಷ್ಟೇ, ಅನಿವಾರ್ಯವಾಗಿರಲಿಲ್ಲ.

ದೆಹಲಿಯ ಪ್ರಕರಣವೂ ಈ ಎರಡನೆಯ ಸಾಲಿಗೆ ಸೇರಿತು. ಆ ಮಹಿಳೆಯ ಜೀವಕ್ಕೆ ಆ ಕ್ಷಣದಲ್ಲಿ ಅಪಾಯವಿರಲಿಲ್ಲ. ಹೆಚ್ಚಿನ ಆಪರೇಷನ್ನಿನಿಂದ ರೋಗಿಗೆ ಒಳ್ಳೆಯದಾಯಿತು, ದುಡ್ಡು ಉಳಿಯಿತು, ಮುಂದಿನ ನೋವು ತಪ್ಪಿತು ಅನ್ನುವ ಯಾವ ಮಾತೂ ಒಪ್ಪಿಗೆ ಇಲ್ಲದ್ದನ್ನು ಸರಿ ಮಾಡುವುದಿಲ್ಲ ಅಂತ ತೀರ್ಪು ಹೇಳುತ್ತದೆ. ನನಗೆ ಇದು ಸುಲಭಕ್ಕೆ ಗಂಟಲಿಗಿಳಿಯಲಿಲ್ಲ. ಒಳ್ಳೆಯದಾಗಲಿ ಅಂತ ಮಾಡಿದ್ದನ್ನು ತಪ್ಪು ಅನ್ನುವುದು ಹೇಗೆ ಅಂತ ಎಷ್ಟೋ ದಿನ ಯೋಚಿಸಿದ್ದೇನೆ.

ಯಾಕೆಂದರೆ ಡಾಕ್ಟರ ಕಡೆಯ ಮಾತೂ ಹಗುರವಲ್ಲ. ಸರ್ಜನ್ ಪಕ್ಕದಲ್ಲಿ ಕತ್ತರಿ, ಫೋರ್ಸೆಪ್ಸ್ ಕೊಡುತ್ತಾ ನಿಂತವಳು ನಾನು. ಒಳಗೆಲ್ಲ ಅಂಟಿಕೊಂಡಿರುವ ಹೊಟ್ಟೆಯನ್ನು ಮತ್ತೊಮ್ಮೆ ತೆರೆಯುವುದು ಎಷ್ಟು ಕಷ್ಟ ಅಂತ ಅವರ ಕೈಗೆ ಗೊತ್ತು. ಎರಡನೇ ಸಲ ಅರಿವಳಿಕೆ ಕೊಡಬೇಕು, ಅದಕ್ಕೂ ಅದರದೇ ಅಪಾಯ ಇದೆ. ಎರಡನೇ ಬಿಲ್ಲು, ಎರಡನೇ ಸಲ ಹೊಲಿಗೆ, ಎರಡನೇ ಸಲ ಕೆಲಸಕ್ಕೆ ರಜೆ. ನಮ್ಮ ಕಡೆ ಎಷ್ಟೋ ಜನ ಒಂದು ಆಪರೇಷನ್ನಿಗೇ ಒಡವೆ ಅಡವಿಟ್ಟು ಬಂದಿರುತ್ತಾರೆ. ವಾಪಸ್ ಕಳಿಸಿದರೆ ಮತ್ತೆ ಬರುತ್ತಾರೆ ಅನ್ನುವ ಗ್ಯಾರಂಟಿ ಇಲ್ಲ. ಬರದಿದ್ದರೆ ಕಾಯಿಲೆ ಒಳಗೇ ಬೆಳೆಯುತ್ತದೆ. ಈ ಯೋಚನೆಗಳೆಲ್ಲ ಒಬ್ಬ ಒಳ್ಳೆಯ ಸರ್ಜನ್ ತಲೆಯಲ್ಲಿ ಒಂದೇ ನಿಮಿಷದಲ್ಲಿ ಓಡುತ್ತವೆ. ಈ ಪ್ರಕರಣದ ಡಾಕ್ಟರ ಮನಸ್ಸಿನಲ್ಲಿ ಕೆಟ್ಟದ್ದಿತ್ತು ಅಂತ ಕೋರ್ಟು ಹೇಳಲಿಲ್ಲ. ರೋಗಿಯ ಒಳ್ಳೆಯದಕ್ಕೇ ಮಾಡಿದ್ದಾರೆ ಅಂತ ಒಪ್ಪಿತು.

ಹಾಗಿದ್ದೂ ತಪ್ಪು ಯಾಕೆ? ನನಗೆ ತಿಳಿದದ್ದು ಇಷ್ಟು. ಎಂಡೊಮೆಟ್ರಿಯೋಸಿಸ್‌ಗೆ ದಾರಿಗಳು ಒಂದಕ್ಕಿಂತ ಹೆಚ್ಚಿವೆ. ಮಾತ್ರೆ, ಇಂಜೆಕ್ಷನ್ ಇವೆ. ಬೆಳೆದ ಅಂಗಾಂಶವನ್ನಷ್ಟೇ ಸುಟ್ಟು ತೆಗೆಯುವುದಿದೆ. ಕೊನೆಗೆ ಎಲ್ಲವನ್ನೂ ತೆಗೆಯುವುದಿದೆ. ಯಾವುದು ಎಷ್ಟು ಫಲ ಕೊಡುತ್ತದೆ ಅಂತ ಡಾಕ್ಟರಿಗೆ ಗೊತ್ತಿರುತ್ತದೆ. ಆದರೆ ಎಷ್ಟು ನೋವು ತಡೆಯಬಲ್ಲೆ, ಮಗುವಿನ ಆಸೆ ಇನ್ನೂ ಇದೆಯಾ, ಗರ್ಭಕೋಶ ಇಲ್ಲದ ದೇಹವನ್ನು ಹೇಗೆ ಒಪ್ಪಿಕೊಳ್ಳುತ್ತೇನೆ ಅನ್ನುವುದು ಆ ಹೆಂಗಸಿಗೆ ಮಾತ್ರ ಗೊತ್ತು. 44 ಆಯ್ತಲ್ಲ, ಮದುವೆಯೂ ಆಗಿಲ್ಲ, ಇನ್ನೇನು ಬೇಕು ಅಂತ ಹೊರಗಿನವರು ಹೇಳಿಬಿಡುವುದು ಸುಲಭ. ವಾರ್ಡಿನಲ್ಲಿ ಈ ಮಾತನ್ನು ನಾನೇ ಕಿವಿಯಾರೆ ಕೇಳಿದ್ದೇನೆ. "ಎರಡು ಮಕ್ಕಳಾಯ್ತಲ್ಲಮ್ಮ, ಇನ್ನು ಅದು ಇದ್ದು ಏನು ಮಾಡಬೇಕು?" ಅಂತ. ಹಳೇ ಸಾಮಾನು ಎಸೆಯುವ ಹಾಗೆ.

ಕೇಳಿದ್ದರೆ ಅವರು ಒಪ್ಪುತ್ತಿದ್ದರೇನೋ. ಬೇಡ ಅನ್ನುತ್ತಿದ್ದರೇನೋ. ಆ ಎರಡರಲ್ಲಿ ಯಾವುದು ಅಂತ ಹೇಳುವ ಅವಕಾಶವನ್ನೇ ಕಿತ್ತುಕೊಂಡದ್ದು ತಪ್ಪು.

ಕೋರ್ಟು ಕೊಡಿಸಿದ ಪರಿಹಾರ 25 ಸಾವಿರ ರೂಪಾಯಿ. ಜೊತೆಗೆ ಆಪರೇಷನ್ನಿನ ಫೀಸು ಡಾಕ್ಟರಿಗೆ ಸಿಗಬಾರದು ಅಂತ ಹೇಳಿತು. 25 ಲಕ್ಷ ಕೇಳಿದವರಿಗೆ ಹನ್ನೆರಡು ವರ್ಷ ಅಲೆದ ಮೇಲೆ ಸಿಕ್ಕಿದ್ದು ಇದು. ಡಾಕ್ಟರ ಉದ್ದೇಶ ಒಳ್ಳೆಯದಿತ್ತು ಅನ್ನುವ ಕಾರಣಕ್ಕೆ ಮೊತ್ತ ಇಳಿಯಿತು. ನನಗೆ ಇದು ಸರಿ ಕಾಣುವುದಿಲ್ಲ. ಉದ್ದೇಶ ಒಳ್ಳೆಯದಾಗಿದ್ದರೆ ಡಾಕ್ಟರಿಗೆ ಶಿಕ್ಷೆ ಕಡಿಮೆ ಮಾಡಲಿ. ಆದರೆ ಕಳೆದುಕೊಂಡವರು ಕಳೆದುಕೊಂಡದ್ದು ಅದರಿಂದ ಕಡಿಮೆಯಾಗುವುದಿಲ್ಲವಲ್ಲ.

ಇನ್ನೊಂದು ಕಡೆಯೂ ತೀರ್ಪು ನನಗೆ ಅರ್ಧ ದಾರಿಯಲ್ಲಿ ನಿಂತ ಹಾಗೆ ಅನ್ನಿಸುತ್ತದೆ. ಒಪ್ಪಿಗೆ ಪಡೆಯುವ ಮೊದಲು ರೋಗಿಗೆ ಏನೇನು ಹೇಳಬೇಕು ಅಂತ ಕೋರ್ಟು ಚೆನ್ನಾಗಿಯೇ ಬಿಡಿಸಿ ಹೇಳಿದೆ. ಏನು ಮಾಡುತ್ತೇವೆ, ಯಾಕೆ, ಬೇರೆ ದಾರಿ ಇದೆಯಾ, ದೊಡ್ಡ ಅಪಾಯಗಳು ಯಾವುವು, ಬೇಡ ಅಂದರೆ ಏನಾಗುತ್ತದೆ ಅನ್ನುವುದೆಲ್ಲ ಹೇಳಲೇಬೇಕು. ಅಪರೂಪದ ಅಪಾಯಗಳನ್ನೆಲ್ಲ ಹೇಳಿ ಹೆದರಿಸಬೇಕಿಲ್ಲ. ಆದರೆ ಎಷ್ಟು ಹೇಳಿದರೆ ಸಾಕು ಅನ್ನುವುದಕ್ಕೆ ಅಳತೆಗೋಲು ಯಾವುದು? ಡಾಕ್ಟರುಗಳು ಸಾಮಾನ್ಯವಾಗಿ ಎಷ್ಟು ಹೇಳುವುದು ಸರಿ ಅಂದುಕೊಳ್ಳುತ್ತಾರೋ ಅಷ್ಟು ಅಂತ ಕೋರ್ಟು ಇಟ್ಟುಕೊಂಡಿತು. ಇದು ಇಂಗ್ಲೆಂಡಿನಿಂದ ಬಂದ ಅಳತೆ. ರೋಗಿಗೆ ಏನು ತಿಳಿಯಬೇಕೋ ಅದನ್ನು ಹೇಳಬೇಕು ಅನ್ನುವ ಅಮೆರಿಕದ ಅಳತೆ ನಮ್ಮ ಪರಿಸ್ಥಿತಿಗೆ ಹೊಂದುವುದಿಲ್ಲ ಅಂದಿತು. ನಮ್ಮಲ್ಲಿ ಬಡವರು ಜಾಸ್ತಿ, ಓದು ಬಾರದವರು ಜಾಸ್ತಿ, ಡಾಕ್ಟರುಗಳ ಮುಂದೆ ನೂರಾರು ಜನರ ಸಾಲು ಇರುತ್ತದೆ ಅನ್ನುವುದನ್ನು ಅದು ಲೆಕ್ಕಕ್ಕೆ ತೆಗೆದುಕೊಂಡಿತು.

ಸಾಲು ಇರುವುದು ನಿಜ. ನಾನೇ ಆ ಸಾಲನ್ನು "ಒಬ್ಬೊಬ್ಬರೇ ಬನ್ನಿ" ಅಂತ ತಡೆದವಳು. ಆದರೂ ಓದು ಬಾರದವರಿಗೆ ಕಡಿಮೆ ಹೇಳಿದರೆ ನಡೆಯುತ್ತದೆ ಅನ್ನುವ ಕಡೆಗೆ ಈ ಮಾತು ಜಾರಿಬಿಡಬಹುದು ಅಂತ ಹೆದರಿಕೆ. ಅವರಿಗೆ ಜಾಸ್ತಿ ಹೊತ್ತು ಹೇಳಬೇಕು, ಅವರ ಮಾತಿನಲ್ಲೇ ಹೇಳಬೇಕು. ಅಳತೆ ಕೊಟ್ಟ ಇಂಗ್ಲೆಂಡೇ 2015ರಲ್ಲಿ ಅದನ್ನು ಕೈಬಿಟ್ಟಿತು. ಆ ಪ್ರಕರಣ ಸ್ಕಾಟ್ಲೆಂಡಿನಲ್ಲಿ ಸಕ್ಕರೆ ಕಾಯಿಲೆ ಇದ್ದ ಒಬ್ಬ ಬಸುರಿಯದು. ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ ಶೇಕಡ 9ರಿಂದ 10ರಷ್ಟಿತ್ತು. ಹೇಳಿದರೆ ಎಲ್ಲರೂ ಸಿಸೇರಿಯನ್ನೇ ಕೇಳುತ್ತಾರೆ ಅಂತ ಡಾಕ್ಟರು ಹೇಳಲಿಲ್ಲ. ಭುಜ ಸಿಕ್ಕಿಕೊಂಡಿತು, ಮಗುವಿನ ಮೆದುಳಿಗೆ ಹಾನಿಯಾಯಿತು. ಆ ಜಾಗದಲ್ಲಿ ಇರುವ ರೋಗಿಗೆ ಯಾವುದು ಮುಖ್ಯ ಅನ್ನಿಸುತ್ತದೋ ಅದನ್ನು ಹೇಳಲೇಬೇಕು ಅಂತ ಬ್ರಿಟನ್ನಿನ ಸುಪ್ರೀಂ ಕೋರ್ಟು ಹೇಳಿತು.

ನಮ್ಮ ನಿಯಮಗಳ ಕಡೆ ಬರೋಣ. ಡಾಕ್ಟರುಗಳ ನಡವಳಿಕೆಗೆ 2002ರಲ್ಲಿ ಭಾರತೀಯ ವೈದ್ಯಕೀಯ ಮಂಡಳಿ ಮಾಡಿದ ನಿಯಮಾವಳಿ ಇದೆ. ಆಪರೇಷನ್ನಿಗೆ ಮೊದಲು ಲಿಖಿತ ಒಪ್ಪಿಗೆ ಯಾರಿಂದ ಪಡೆಯಬೇಕು ಅಂತ ಅದರಲ್ಲಿ ಹೇಳಿರುವ ಕ್ರಮ ನೋಡಿ. ಮೊದಲು ಗಂಡ ಅಥವಾ ಹೆಂಡತಿ. ಆಮೇಲೆ ಚಿಕ್ಕವರಾದರೆ ತಂದೆತಾಯಿ ಅಥವಾ ಪೋಷಕರು. ಕೊನೆಯಲ್ಲಿ, ಸಂದರ್ಭ ನೋಡಿಕೊಂಡು, ರೋಗಿ. ಮಕ್ಕಳಾಗದಂತೆ ಆಗಬಹುದಾದ ಆಪರೇಷನ್ನಿಗೆ ಗಂಡ ಹೆಂಡತಿ ಇಬ್ಬರ ಒಪ್ಪಿಗೆಯೂ ಬೇಕು ಅಂತಲೂ ಇದೆ. ಇದನ್ನು ಮೊದಲ ಸಲ ಓದಿದಾಗ ನಮ್ಮ ಫಾರಂಗಳು ಯಾಕೆ ಮನೆಯವರ ಸಹಿ ಕೇಳುತ್ತವೆ ಅಂತ ನನಗೆ ಅರ್ಥವಾಯಿತು. ಗರ್ಭಪಾತದ ಕಾಯ್ದೆ ಇದಕ್ಕಿಂತ ಎಷ್ಟೋ ಹಳೆಯದು, 1971ರದ್ದು. ಹದಿನೆಂಟು ತುಂಬಿದ, ಮನಸ್ಸು ಸ್ಥಿಮಿತದಲ್ಲಿರುವ ಹೆಂಗಸಿನ ಒಪ್ಪಿಗೆ ಒಂದೇ ಸಾಕು ಅಂತ ಅದು ಹೇಳುತ್ತದೆ. ಆದರೂ ಗಂಡ ಬರದೆ ಫೈಲು ಮುಂದಕ್ಕೆ ಹೋಗದ ಆಸ್ಪತ್ರೆಗಳನ್ನು ನಾನು ಕಂಡಿದ್ದೇನೆ.

ಮನೆಯವರು ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಜನ ಒಬ್ಬೊಬ್ಬರೇ ಆಸ್ಪತ್ರೆಗೆ ಬರುವುದಿಲ್ಲ. ಬಟ್ಟೆಚೀಲ, ಫ್ಲಾಸ್ಕು, ಚಾಪೆ ಹಿಡಿದು ನಾಲ್ಕು ಜನ ಬರುತ್ತಾರೆ. ರಾತ್ರಿಯೆಲ್ಲ ಮಂಚದ ಕೆಳಗೆ ಮಲಗುವವರು ಅವರೇ, ಗಂಜಿ ಕುಡಿಸುವವರು ಅವರೇ, ಬಿಲ್ಲು ಕಟ್ಟುವವರೂ ಅವರೇ. ಎಷ್ಟೋ ರೋಗಿಗಳು ತಾವಾಗಿಯೇ "ನಮ್ಮಣ್ಣನ್ನ ಕೇಳಿ ಹೇಳ್ತೀನಿ" ಅನ್ನುತ್ತಾರೆ. ಕೇಳಲಿ, ಅದೂ ಅವರ ತೀರ್ಮಾನವೇ. ಅಣ್ಣನನ್ನು ಕೇಳಬೇಕು ಅಂತ ರೋಗಿ ಹೇಳುವುದು ಒಂದು. ರೋಗಿಯನ್ನು ದಾಟಿ ನಾವೇ ಅಣ್ಣನ ಹತ್ತಿರ ಹೋಗುವುದು ಇನ್ನೊಂದು.

ಕೇಳದೆ ಮಾಡುವ ಅಭ್ಯಾಸ ಎಲ್ಲಿಗೆ ಮುಟ್ಟುತ್ತದೆ ಅನ್ನುವುದಕ್ಕೆ ದೆಹಲಿಗೆ ಹೋಗಬೇಕಿಲ್ಲ. 2015ರ ಹೊತ್ತಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳ ವಿಷಯ ಹೊರಬಂತು. ಬೆನ್ನುನೋವು, ಹೊಟ್ಟೆನೋವು, ಬಿಳಿಸೆರಗು ಅಂತ ಖಾಸಗಿ ಆಸ್ಪತ್ರೆಗಳಿಗೆ ಹೋದ ಲಂಬಾಣಿ ಹೆಂಗಸರ ಗರ್ಭಕೋಶಗಳನ್ನು ಬೇಕಿಲ್ಲದೆ ತೆಗೆದಿದ್ದರು. ಅವರಲ್ಲಿ 40 ದಾಟದವರು ಬಹಳ ಜನ. ಕ್ಯಾನ್ಸರ್ ಆಗುತ್ತದೆ ಅಂತ ಹೆದರಿಸಿದ್ದರು. ಅಲ್ಲಿ ಸಹಿಯೂ ಇತ್ತು, ಹೆಬ್ಬೆಟ್ಟೂ ಇತ್ತು. ದೆಹಲಿಯ ಡಾಕ್ಟರಿಗೂ ಇವರಿಗೂ ಅಜಗಜಾಂತರ. ದೆಹಲಿಯಲ್ಲಿ ಕಾಯಿಲೆ ನಿಜ, ಕಾಳಜಿಯೂ ನಿಜ. ಆದರೆ ಪ್ರಶ್ನೆ ಕೇಳದ ಕಡೆ ಒಳ್ಳೆಯ ಡಾಕ್ಟರೂ ಕೆಟ್ಟ ಡಾಕ್ಟರೂ ಒಂದೇ ಫಾರಂ ಹಿಡಿದು ನಿಲ್ಲುತ್ತಾರೆ. ಹೊರಗಿನಿಂದ ನೋಡಿದವರಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಗಳನ್ನು ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಅಂತ 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಹೇಳಬೇಕಾಯಿತು.

ಈಗ ನನ್ನದೇ ಒಂದು ಸಂಗತಿ ಹೇಳಬೇಕು. ಇದನ್ನು ಹೇಳದೆ ದೆಹಲಿಯ ಡಾಕ್ಟರ ಬಗ್ಗೆ ಬರೆಯುವ ಹಕ್ಕು ನನಗಿಲ್ಲ.

ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಊರು, ಒಂದು ನರ್ಸಿಂಗ್ ಹೋಮು. ಅಂಡಾಶಯದಲ್ಲಿ ನೀರುಗಡ್ಡೆ ಅಂತ ಬಂದ ಹೆಂಗಸು, ನಲವತ್ತರ ಆಸುಪಾಸು. ಹೊಟ್ಟೆ ತೆರೆದಾಗ ಗರ್ಭಕೋಶದಲ್ಲೂ ಗಡ್ಡೆಗಳು ಕಂಡವು. "ಇದನ್ನೂ ತೆಗೆದುಬಿಡೋಣ. ಹಸ್ಬೆಂಡ್ ಸಹಿ ತಗೊಂಡು ಬನ್ನಿ ಸಿಸ್ಟರ್" ಅಂದರು ಸರ್ಜನ್. ನಾನು ಹೋದೆ. ಗಂಡ ಬೀಡಿ ಆರಿಸಿ ಓಡಿ ಬಂದರು. "ನಿಮಗೆ ಹೆಂಗೆ ತಿಳಿಯುತ್ತೋ ಹಂಗೆ ಮಾಡಿ ಸಿಸ್ಟರ್" ಅಂದರು. ಕಾಗದವನ್ನು ಗೋಡೆಗೆ ಒತ್ತಿ ಸಹಿ ಹಾಕಿದರು. ಪೆನ್ನು ಮೇಲ್ಮುಖವಾಗಿದ್ದರಿಂದ ಮಸಿ ಬರಲಿಲ್ಲ, ಎರಡು ಸಲ ತಿದ್ದಿದರು.

ಮೂರನೇ ದಿನ ಡ್ರೆಸ್ಸಿಂಗ್ ಮಾಡುತ್ತಿದ್ದೆ. ಅವರು ಮೆಲ್ಲಗೆ ಕೇಳಿದರು. "ಸಿಸ್ಟರ್, ಅವತ್ತು ನೀವು ಹೊರಗೆ ಹೋದ್ರಿ ಅಲ್ವಾ?"

ಆಗ ನನಗೆ ಹೊಳೆಯಿತು. ಅದು ಸ್ಪೈನಲ್. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಎದೆಯ ಕೆಳಗೆ ಮರಗಟ್ಟಿಸಿದ್ದೆವು ಅಷ್ಟೇ. ಎದೆಯ ಮೇಲೆ ಕಟ್ಟಿದ ಹಸಿರು ಪರದೆಯ ಆಚೆ ಅವರು ಕಣ್ಣು ಬಿಟ್ಟುಕೊಂಡೇ ಮಲಗಿದ್ದರು.

"ಹಸ್ಬೆಂಡು ಅಂದಿದ್ದು ಕೇಳಿಸ್ತು. ಸಹಿ ಅಂದಿದ್ದೂ ಕೇಳಿಸ್ತು. ಏನೋ ಆಗಿದೆ, ನಾನು ಉಳಿಯಲ್ಲ ಅಂದ್ಕೊಂಡೆ. ನನ್ನನ್ನೇ ಕೇಳಿದ್ರೆ ಆಗ್ತಿರ್ಲಿಲ್ವಾ?"

ನನ್ನ ಕೈ ನಿಂತುಹೋಯಿತು. ಹತ್ತಿ ಹಿಡಿದ ಫೋರ್ಸೆಪ್ಸ್ ಹಾಗೇ ಇತ್ತು. ಅವರ ತಲೆಯಿಂದ ಎರಡೇ ಅಡಿ ದೂರದಲ್ಲಿ ನಾವು ಅವರ ಬಗ್ಗೆ ಮಾತಾಡಿದ್ದೆವು. ಎಚ್ಚರವಾಗಿದ್ದವರನ್ನು ಬಿಟ್ಟು, ಬಾಗಿಲು ದಾಟಿ, ವರಾಂಡ ದಾಟಿ, ಗಂಡನನ್ನು ಹುಡುಕಿಕೊಂಡು ಹೋಗಿದ್ದೆ. ಕ್ಷಮಿಸಿ ಅಂತ ಹೇಳಿದೆ. ಅವರು ಏನೂ ಹೇಳಲಿಲ್ಲ, ಸೆರಗು ಎಳೆದುಕೊಂಡು ಗೋಡೆ ಕಡೆ ತಿರುಗಿದರು.

ಹೊಟ್ಟೆ ತೆರೆದು ಮಲಗಿರುವವರನ್ನು ಆ ಹೊತ್ತಲ್ಲಿ ಕೇಳುವುದೂ ಪೂರ್ತಿ ಸರಿಯಲ್ಲ. ಭಯದಲ್ಲಿ ಯಾರಾದರೂ ಹೂಂ ಅನ್ನುತ್ತಾರೆ. ಕೇಳುವ ಹೊತ್ತು ಹಿಂದಿನ ದಿನದ್ದು. ಸಮೀರಾ ಕೊಹ್ಲಿ ತೀರ್ಪಿನಲ್ಲೇ ಇದಕ್ಕೆ ದಾರಿ ಇದೆ. ಒಳಗೆ ಇಂಥದ್ದು ಕಂಡರೆ ಇಂಥದ್ದನ್ನೂ ಮಾಡಬೇಕಾಗಬಹುದು ಅಂತ ಮೊದಲೇ ಹೆಸರು ಹಿಡಿದು ಹೇಳಿ, ಅದಕ್ಕೂ ಸೇರಿಸಿ ಒಪ್ಪಿಗೆ ಪಡೆಯಬಹುದು. ದೆಹಲಿಯಲ್ಲಿ ಮೇ 9ರ ಸಂಜೆ ಹತ್ತು ನಿಮಿಷ ಕೂತು ಇದನ್ನು ಮಾತಾಡಿ ಕಾಗದದಲ್ಲಿ ಒಂದು ಸಾಲು ಬರೆದಿದ್ದರೆ ಇಡೀ ವ್ಯಾಜ್ಯವೇ ಇರುತ್ತಿರಲಿಲ್ಲ.

ಈಗ ನಾನು ಕೆಲಸ ಮಾಡುವ ಕಡೆ ಆಪರೇಷನ್ನಿನ ಹಿಂದಿನ ರಾತ್ರಿ ಊಟದ ಗಲಾಟೆ ಮುಗಿದ ಮೇಲೆ ಒಂದು ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂರುತ್ತೇನೆ. ಒಪ್ಪಿಗೆ ಪಡೆಯುವ ಜವಾಬ್ದಾರಿ ಡಾಕ್ಟರದ್ದು, ಅವರು ಬಂದು ಹೇಳಿ ಹೋಗಿರುತ್ತಾರೆ. ನಾನು ಕೇಳುವುದು ಎರಡೇ. ನಾಳೆ ನಿಮಗೆ ಏನು ಮಾಡ್ತಾರೆ ಅಂತ ನಿಮ್ಮ ಮಾತಲ್ಲೇ ಹೇಳಿ ನೋಡೋಣ. ಒಳಗೆ ಬೇರೆ ಏನಾದರೂ ಕಂಡರೆ ಏನು ಮಾಡೋಣ? ಅರ್ಧಕ್ಕರ್ಧ ಜನರಿಗೆ ಮೊದಲನೆಯದಕ್ಕೇ ಉತ್ತರ ಬರುವುದಿಲ್ಲ. ಆಗ ಡಾಕ್ಟರನ್ನು ಮತ್ತೆ ಕರೆಯುತ್ತೇನೆ. ಒಬ್ಬೊಬ್ಬರು ಬೇಸರ ಮಾಡಿಕೊಳ್ಳುತ್ತಾರೆ, ಬರುತ್ತಾರೆ.

ಹೋದ ತಿಂಗಳು ಒಬ್ಬ ಅಜ್ಜಿ ಎರಡನೇ ಪ್ರಶ್ನೆಗೆ ತುಂಬಾ ಹೊತ್ತು ಯೋಚನೆ ಮಾಡಿದರು. ಮಗ ಬಾಯಿ ಹಾಕಲು ಬಂದ. ಕೈ ಎತ್ತಿ ಅವನನ್ನು ಸುಮ್ಮನಿರಿಸಿದರು. "ಜೀವಕ್ಕೆ ಬಂದ್ರೆ ತೆಗೀರಿ. ಇಲ್ದಿದ್ರೆ ಹೊಲಿಗೆ ಹಾಕಿ, ಎದ್ದ್ ಮೇಲೆ ಹೇಳಿ. ನಾನೇ ನೋಡ್ಕೊಂಡು ಹೇಳ್ತೀನಿ" ಅಂದರು. ಫಾರಂನಲ್ಲಿ ಅದಕ್ಕೆ ಜಾಗ ಇರಲಿಲ್ಲ. ಬದಿಯಲ್ಲಿ ಅವರು ಹೇಳಿದ ಹಾಗೇ ಬರೆದು, ಓದಿ ಹೇಳಿ, ಅದರ ಕೆಳಗೆ ಅವರ ಹೆಬ್ಬೆಟ್ಟು ಒತ್ತಿಸಿದೆ. ಬೆಳಿಗ್ಗೆ ಸರ್ಜನ್ ಕೈ ತೊಳೆಯಲು ಹೋಗುವ ಮೊದಲು ಕೇಸ್ ಶೀಟ್ ತಿರುಗಿಸಿ ಅದನ್ನು ಓದಿದರು.